ಎಡಮೂಲೆ

ಅಕ್ಕ ಮೌಸನ್ನು ಪರದೆಯ ಎಡಮೂಲೆಗೆ ತಳ್ಳಿ ಒತ್ತಿದಳು. ಏನೂ ತೆರೆಯಲಿಲ್ಲ. ಮತ್ತೆ ಒತ್ತಿದಳು. ಅರ್ಜಿಯನ್ನು ಬಾಯಲ್ಲಿ ಹೇಳಿ ಟೈಪು ಮಾಡಿಸಿಕೊಳ್ಳಲು ಬಂದ ಗಿರಾಕಿ ಎದುರಿನ ಕುರ್ಚಿಯಲ್ಲಿ ಗಂಟಲು ಸರಿಮಾಡಿಕೊಂಡರು.

ತಮ್ಮನಿಗೆ ನಗು ಬಂತು. ಅವಳು ಊಟಕ್ಕೆ ಎದ್ದುಹೋದಾಗ ಆ ಓಬೀರಾಯನ ಕಾಲದ ವಿಂಡೋಸ್ ಅಳಿಸಿ ಹೊಸದನ್ನು ಹಾಕಿದವನು ಅವನೇ. "ಅದಕ್ಕೆ ನನ್ನ ಕೈ ಒಗ್ಗಿದೆ, ಅದರ ತಂಟೆಗೆ ಹೋಗ್ಬೇಡ ಕಣೋ" ಎಂದು ಅವಳು ಅಂದಾಗಲೆಲ್ಲ, ಹಟಮಾರಿ ಎಂದು ಅಂಗಡಿಗೆ ಬಂದವರೆದುರು ಆಡಿಕೊಂಡಿದ್ದ.

"ಸ್ಟಾರ್ಟ್ ಬಟನ್ ಈಗ ಮೂಲೆ ಬಿಟ್ಟು ನಡುವಿಗೆ ಬಂದಿದೆ ಅಕ್ಕಾ. ಕಣ್ಣೆದುರಿಗೇ ಇದೆಯಲ್ಲ!"

ಅಕ್ಕ ಬಾಗಿದಳು. ಮೂಗು ಗಾಜಿಗೆ ತಾಗುವಷ್ಟು ಬಾಗಿದರೂ ಅವಳ ನೋಟ ಎಲ್ಲೂ ನಿಲ್ಲಲಿಲ್ಲ. ಕೈ ಮಾತ್ರ ಮೌಸನ್ನು ಮತ್ತೆ ಅದೇ ಎಡಮೂಲೆಗೆ ತಳ್ಳಿತು. ನೋಡದೆಯೂ ಮುಟ್ಟಬಹುದಾದ ಜಾಗ ಅವಳಿಗೆ ಅದೊಂದೇ. ತಮ್ಮನ ನಗು ಉಡುಗಿತು. ಆಡಿಕೊಂಡ ಒಂದೊಂದು ಮಾತೂ ತಿರುಗಿ ಬಂದು ಅವನನ್ನೇ ಇರಿಯಿತು.

"ಮಿಷನ್ ಹೊಸದು, ಸ್ವಲ್ಪ ತಾಳ್ಕೊಳ್ಳಿ" ಎಂದು ಗಿರಾಕಿಗೆ ಗಟ್ಟಿಯಾಗಿ ಹೇಳಿ, ಅಕ್ಕ ತಮ್ಮನ ಕೈಯನ್ನು ತಡಕಿ ಹಿಡಿದು ಮೌಸಿನ ಮೇಲಿಟ್ಟಳು.

"ನೀನೇ ಒತ್ತೋ," ಪಿಸುಗುಟ್ಟಿದಳು, "ಅವರಿಗೆ ಗೊತ್ತಾಗೋದು ಬೇಡ."