ಉಳಿದ ಸಿಮೆಂಟು

ಹಿಂದಿನ ದಿನ ಸಿಟ್ಟಿನಲ್ಲಿ ಅವನು ಎಸೆದ ಹಿತ್ತಾಳೆ ಚೊಂಬು ಹೆಂಡತಿಯ ಕಿವಿಯ ಪಕ್ಕದಲ್ಲೇ ಹಾದು ನಡುಮನೆಯ ಗೋಡೆಗೆ ಬಡಿದಿತ್ತು. ಅಂಗೈಯಗಲ ಗಾರೆ ಉದುರಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಬೆಳಿಗ್ಗೆ ಅವಳ ಮುಖ ನೋಡಲಾಗದೆ ಅವನೇ ಸಿಮೆಂಟು, ಮರಳು ತಂದು ಬಕೆಟ್ಟಿನಲ್ಲಿ ಕಲಸಿದ. ಗೋಡೆಗೆ ನೀರು ಚಿಮುಕಿಸಿ, ಕರಣೆಯಿಂದ ಮೆತ್ತಿ, ನುಣ್ಣಗಾದ ಮೇಲೂ ಸವರುತ್ತಲೇ ಇದ್ದ.

"ನಂದು ಕೆಟ್ಟ ಸಿಟ್ಟು, ಸುಗುಣಾ. ಇದೊಂದ್ಸಲ ಮನಸ್ಸಿಂದ ತೆಗೆದುಬಿಡು."

ಅವಳು ಕೆಳಗೆ ಉದುರಿದ ಗಾರೆಯನ್ನು ಗುಡಿಸತೊಡಗಿದಳು.

"ನಿಮ್ಮಣ್ಣ ಬರೋ ಹೊತ್ತಿಗೆ ಒಣಗಿರುತ್ತೆ. ಅವನಿಗೇನೂ ಹೇಳ್ಬೇಡ."

ಅವಳು ಕಸವನ್ನು ಮೊರಕ್ಕೆ ತುಂಬಿದಳು. ಅವನು ನಗಿಸಲು ನೋಡಿದ: "ಕಲೆ ಕಂಡ್ರೆ ಒಂದು ಕ್ಯಾಲೆಂಡರ್ ತಗಲಾಕು. ಹೇಗೂ ಊರಲ್ಲಿರೋ ಅಂಗಡಿ ಕ್ಯಾಲೆಂಡರೆಲ್ಲ ನಮ್ಮನೇಲೇ ಇದಾವಲ್ಲ!"

ಅವಳು ನಗಲಿಲ್ಲ. ಮಿಕ್ಕ ಸಿಮೆಂಟನ್ನು ಹಿತ್ತಲಿಗೆ ಸುರಿಯಲು ಅವನು ಬಕೆಟ್ ಎತ್ತಿದ.

"ಚೆಲ್ಬೇಡಿ. ಇನ್ನೂ ಬೇಕು."

"ಇನ್ನೆಲ್ಲಿಗೆ?"

ಅವಳು ಬಾಗಿಲ ಪಕ್ಕದ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದಳು. ಅದರ ಹಿಂದೆಯೂ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ಕೈಲಿದ್ದುದನ್ನು ಸುತ್ತಿಟ್ಟು, ಅದರಾಚೆಯ ಕ್ಯಾಲೆಂಡರಿಗೆ ಕೈಹಾಕಿದಳು.