ಬಾಯಿ ಬಂದ ಕಾರು

"ನೆನಪು ಬೇಡ ಅಂದ್ನಲ್ಲ, ನಿಂಗೆ ಕಿವಿ ಕೇಳ್ಸಲ್ವಾ?" ಕೊಟ್ರಪ್ಪ ಶೋರೂಮಿನವನ ಮೇಲೆ ಹರಿಹಾಯ್ದ.

"ಹಳೇ ಗಾಡಿ ನೆನಪು ತುಂಬದೆ ಹೊಸದಕ್ಕೆ ಆರ್‌ಟಿಒನವರು ನಂಬರ್ ಕೊಡಲ್ಲ ಸರ್."

"ತುಂಬ್ಲಿ ಬಿಡ್ರೀ," ಎಂದಳು ಹೆಂಡತಿ ಹಾಲಮ್ಮ. "ಹದಿನೈದು ವರ್ಷ ದುಡಿದ ಗಾಡಿ. ನಿಮ್ಮ ಮುಂಗೋಪಾನೂ ಇದು ಕಲ್ತುಕೊಳ್ಳಲಿ."

ಎರಡೂ ಬ್ಯಾಟರಿ, ಪೆಟ್ರೋಲ್ ಎರಡರಲ್ಲೂ ಓಡುವ ಹೈಬ್ರಿಡ್ ಕಾರುಗಳೇ. ಹಳೆಯದು ಕಂಡದ್ದು, ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿತ್ತು, ಆದರೆ ಅದಕ್ಕೆ ಬಾಯಿ ಇರಲಿಲ್ಲ. ಹೊಸ ತಲೆಮಾರಿನದಕ್ಕೆ ಬಾಯಿಯೂ ಇತ್ತು. ಕೊಟ್ರಪ್ಪನ ಭಯ ಅದೇ. ಎರಡಕ್ಕೂ ತಂತಿ ಜೋಡಿಸಿ ಹತ್ತು ನಿಮಿಷವಾಗಿರಲಿಲ್ಲ, ಹೊಸದು ವಿನಯವಾಗಿ ಕೇಳಿತು.

"ಸರ್, ಮೂರು ವರ್ಷದ ಹಿಂದೆ ಕೆರೆ ಏರಿಯ ಮೇಲೆ ಬೈಕಿನಿಂದ ಬಿದ್ದಿದ್ದ ಮಲ್ಲೇಶಪ್ಪನವರು 'ಭಾವಾ' ಎಂದು ಕೈ ಎತ್ತಿದರು. ನೀವು ಬ್ಯಾಟರಿಯಲ್ಲಿ ನಿಧಾನಿಸಿ, ನೋಡಿ, ಗಾಜು ಏರಿಸಿಕೊಂಡು ಪೆಟ್ರೋಲಿನಲ್ಲಿ ಜೋರಾಗಿ ಹೊರಟಿರಿ. ಅಂಥವರು ಸಿಕ್ಕರೆ ನಾನೂ ನಿಲ್ಲದೆ ಹೋಗಬೇಕೇ?"

ಮಲ್ಲೇಶಪ್ಪ ಹಾಲಮ್ಮನ ತಮ್ಮ. ಆ ಏರಿಯ ಮೇಲೆಯೇ ರಕ್ತ ಸೋರಿ ಸತ್ತಿದ್ದ.

"ಹೊಲದ ಬದುವಿನ ಜಗಳದಾಗೆ ಮಾತು ಬಿಟ್ಟಿದ್ವಿ ಕಣೇ," ಕೊಟ್ರಪ್ಪನ ದನಿ ಕುಗ್ಗಿತು. "ಹಿಂದೆ ಬರೋರು ಎತ್ಕೊಂತಾರೆ ಅನ್ಕೊಂಡೆ."

"ಹೆಣಕ್ಕೆ ಹೆಗಲು ಕೊಟ್ರಲ್ಲ, ಅವತ್ತು ಏನನ್ಕೊಂಡ್ರಿ?"

ಹಾಲಮ್ಮ ಪೂಜೆಗೆ ತಂದಿದ್ದ ಹಾರವನ್ನು ಕೊಟ್ರಪ್ಪನ ಕೈಗಿಟ್ಟು ಹೊರಗೆ ನಡೆದಳು. ತವರಿನ ಬಸ್ಸು ಹತ್ತಿದವಳು ಮತ್ತೆ ಗಂಡನ ಮನೆಯ ಹೊಸಿಲು ತುಳಿಯಲಿಲ್ಲ.