ಬಾಯಿಪಾಠದ ಪರಾಕು

“ರಾಜಾಧಿರಾಜ” ಎಂದು ಕೂಗಿದ ಮುದಿ ಹೊಗಳುಭಟ ಅಲ್ಲೇ ತಡವರಿಸಿದ. ಅಪ್ಪನಿಂದ ಕಲಿತ ಬಾಯಿಪಾಠ ಇವತ್ತು ಕೈಕೊಟ್ಟಿತ್ತು. ರಾಜ್ಯ ಹೋಗಿ ಎಷ್ಟೋ ಕಾಲವಾದರೂ ಹಬ್ಬದ ಮೊದಲ ಪೂಜೆ ಅರಮನೆಯವರದೇ. ಆದರೆ ಈ ಸಲ ಗದ್ದುಗೆಯ ಮೇಲಿದ್ದವಳು ತೀರಿಕೊಂಡ ದೊರೆಯ ಮಗಳು.

ಬೆಳಗಿನಿಂದ ಶಾಲು ಮಡಚುತ್ತ, ಬಿಚ್ಚುತ್ತ ಚಡಪಡಿಸುತ್ತಿದ್ದ ಚಿಕ್ಕಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. “ಅವನ ಬಾಯಲ್ಲೇ ಬಂತಲ್ಲಮ್ಮ, ‘ರಾಜ’ ಅಂತ. ಗಂಡಸೇ ಬೇಕು. ಇಳಿ, ನಾನು ಕೂರ್ತೀನಿ.”

ಆರತಿ ಹಿಡಿದ ಪುರೋಹಿತರು ಇಬ್ಬರ ಮುಖವನ್ನೂ ನೋಡಿದರು. ಅಷ್ಟು ಹೊತ್ತೂ ಒಂದೇ ಸಮ ಅಲುಗುತ್ತಿದ್ದ ಅವಳ ಕಾಲು ಈಗ ನಿಂತಿತು.

“ತಾತ, ಹೆಂಗಸಿಗೆ ಹೇಳೋ ಪರಾಕು ಬರಲ್ವಾ ನಿಮಗೆ?”

“ಯಾರೂ ಕಲಿಸಿಲ್ಲ ತಾಯಿ. ಬೇಕಾಗಿರ್ಲಿಲ್ಲ.”

“ಹಾಗಾದ್ರೆ ನಮ್ಮಪ್ಪನಿಗೆ ಕೂಗ್ತಿದ್ದದ್ದನ್ನೇ ಕೂಗಿ. ‘ಓ’ ಅನ್ನೋಕೆ ನಾನಿದ್ದೀನಿ.”